ಮೆತ್ತಗೆ ಓದಿದ ಕಾಗದ

ಆ ಕಾಗದ ಬಂದಾಗ ನಾನು ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದೆ. ದೀಪಾವಳಿ ಮುಗಿದು ನಾಲ್ಕು ದಿನವಾಗಿತ್ತು. ಗಡಿಯಾಚೆ ಮಹಾರಾಷ್ಟ್ರಕ್ಕೆ ಸೇರಿದ ನಮ್ಮ ಉಟಗಿಯಲ್ಲಿ ಸಾಲಿಯ ಕಾಗದ ಕನ್ನಡದಲ್ಲಿರುತ್ತದೆ, ಕಚೇರಿಯದು ಮರಾಠಿಯಲ್ಲಿ, ದೊಡ್ಡ ದವಾಖಾನೆಯದು ಇಂಗ್ಲಿಷಿನಲ್ಲಿ. ಮೊದಲಿನ ಎರಡನ್ನು ಓದುವವರು ಓಣಿಗೆ ಹತ್ತು ಮಂದಿ ಸಿಗುತ್ತಾರೆ. ಮೂರನೆಯದು ಬಂದಾಗ ಮಾತ್ರ ನಮ್ಮ ಬಾಗಿಲಿಗೆ ಬರುತ್ತಾರೆ. ವಿಜಯಪುರದ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಕಲಿತು ಬಂದ ಸೊಸೆ ಎಂದು ನನಗೆ ಈ ಕೆಲಸ ತಾನಾಗಿಯೇ ಅಂಟಿಕೊಂಡಿತ್ತು. ಗುಳಿಗೆಯ ಹೆಸರು, ಊಟಕ್ಕೆ ಮೊದಲೋ ಆಮೇಲೋ, ಮತ್ತೆ ಯಾವಾಗ ಹೋಗಬೇಕು, ಇಷ್ಟು ಹೇಳಿದರೆ ಮುಗಿಯುತ್ತಿತ್ತು.

ಅವತ್ತು ಬಂದವರು ಕುರಿ ಸಾಕುವ ಮನೆಯ ಅತ್ತೆ ಮತ್ತು ಸೊಸೆ. ಸೊಸೆಯ ಮಡಿಲಲ್ಲಿ ಏಳು ತಿಂಗಳ ಹೆಣ್ಣುಕೂಸು. ಜ್ವರ, ಕೆಮ್ಮು ಬಿಡಲಿಲ್ಲವೆಂದು ಮಿರಜಿನ ದವಾಖಾನೆಗೆ ಒಯ್ದು ಮೂರು ದಿನ ಇಟ್ಟುಕೊಂಡು ಬಂದಿದ್ದರು. ಸಲಾಯಿನ್ ಹಚ್ಚಿದ ಜಾಗದಲ್ಲಿ ಬಿಳಿ ಪಟ್ಟಿಯ ಅಂಟು ಇನ್ನೂ ಉಳಿದಿತ್ತು. ಗುಂಡನೆಯ ಕೂಸು. ಅಗಲವಾದ ಹಣೆ. ತೋಳಿನಲ್ಲಿ ಮೂರು ಮೂರು ಮಡಿಕೆ. ನೋಡಿದವರೆಲ್ಲ ಗಲ್ಲ ಹಿಂಡುವಂಥ ಮುಖ.

"ಡಾಕ್ಟರ್ ಬಾಯಿ ಏನೇನೋ ಹೇಳಿದ್ರಿ ಅಕ್ಕಾರ, ಲಗೂಲಗೂನ," ಅಂದಳು ಸೊಸೆ. "ಜ್ವರ ಇಳದಾವು, ಆದರ ಇನ್ನೊಂದೇನೋ ಐತಿ, ಎಲ್ಲಾ ಬರದ ಕೊಟ್ಟೀನಿ, ತಿಳದವರ ಕಡಿಂದ ಓದಿಸಿಕೊಳ್ಳಿ ಅಂದ್ರು."

ಜ್ವರದ ವಿಷಯ ಎರಡು ಸಾಲಿನಲ್ಲಿ ಮುಗಿದಿತ್ತು. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಒತ್ತಿ ಬರೆದ ಅಕ್ಷರದಲ್ಲಿ, ಡಿಸ್‌ಪ್ರಪೋರ್ಷನೇಟ್ ಶಾರ್ಟ್ ಸ್ಟೇಚರ್ ಎಂದಿತ್ತು. ಶಾರ್ಟ್ ಎಂದರೆ ಗಿಡ್ಡ, ಸ್ಟೇಚರ್ ಎಂದರೆ ನಿಲುವು. ಮೊದಲಿನ ಆ ಉದ್ದನೆಯ ಶಬ್ದದ ಹತ್ತಿರ ನಾನು ನಿಂತೆ. ಪೇಪರಿನಲ್ಲಿ ಅದನ್ನು ನೂರು ಸಲ ಓದಿದ್ದೇನೆ. ಯಾವನೋ ಅಧಿಕಾರಿಯ ಮನೆಯ ಮೇಲೆ ದಾಳಿಯಾದಾಗ, ಆದಾಯಕ್ಕೆ ಮೀರಿದ ಆಸ್ತಿ ಎನ್ನುವಲ್ಲಿ ಅದೇ ಶಬ್ದ ಇರುತ್ತದೆ. ಅದಕ್ಕೂ ಮೊದಲು ಸಾಲಿಯಲ್ಲಿ, ಚಿತ್ರ ಕಲಿಸುವ ಸಿಸ್ಟರ್ ನನ್ನ ಕಾಗದದ ಮೇಲೆ ಕೆಂಪು ಪೆನ್ಸಿಲಿನಿಂದ ಬರೆದಿದ್ದರು. ನಾನು ಬರೆದ ಹುಡುಗಿಯ ತಲೆ ದೊಡ್ಡದು, ಕೈ ಸಣ್ಣವು. "ಪ್ರಪೋರ್ಷನ್, ಮೈ ಚೈಲ್ಡ್," ಎನ್ನುತ್ತ ಅವರೇ ಹಿಂದೆ ನಿಂತು ಕೈ ಹಿಡಿದು ತಿದ್ದಿಸಿದ್ದರು. ಒಂದರ ಅಳತೆ ಇನ್ನೊಂದಕ್ಕೆ ತಕ್ಕಂತೆ ಇದ್ದರೆ ಪ್ರಪೋರ್ಷನೇಟ್. ಅದು ಒಂಟಿಯಾಗಿ ನಿಲ್ಲುವ ಶಬ್ದವಲ್ಲ. ಯಾವುದಕ್ಕೆ ತಕ್ಕಂತೆ ಎಂದು ಕೇಳಿಯೇ ಕೇಳುತ್ತದೆ. ಮುಂದೆ 'ಡಿಸ್' ಸೇರಿದರೆ ಹೊಂದಿಕೆ ತಪ್ಪಿದೆ ಎಂದು ಅರ್ಥ.

ಅಂದರೆ ಅರ್ಥ ನನಗೆ ಗೊತ್ತಿತ್ತು. ಇದನ್ನು ಇಲ್ಲೇ ಬರೆದುಬಿಡಬೇಕು.

ನಾನು ಕಾಗದದಿಂದ ತಲೆ ಎತ್ತಿದಾಗ ಅತ್ತೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಸೊಸೆ ಮಗುವಿನ ಕುಂಚಿಗೆಯ ಕಸಿಯನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿದ್ದಳು. ಈ ಕೂಸಿನ ಮೊದಲು ಅವಳಿಗೆ ಎರಡು ಸಲ ಬಸಿರು ಇಳಿದಿತ್ತು. ಕೈಕಾಲು ಮೈಗೆ ತಕ್ಕಂತೆ ಇಲ್ಲ ಎಂದು ಈಗ ನಾನು ಹೇಳಿದರೆ ಇವರು ಮನೆ ಮುಟ್ಟುವುದರೊಳಗೆ ಅದು ಇಡೀ ಓಣಿಯ ಮಾತಾಗುತ್ತದೆ, ತಾಯಿಯ ತಲೆಯ ಮೇಲೆ ಕೂರುತ್ತದೆ ಎನಿಸಿತು.

"ವಯಸ್ಸಿಗೆ ತಕ್ಕಂಗ ಬೆಳದಿಲ್ಲ ಅಂತ ಬರದಾರ," ಅಂದೆ.

"ಅಷ್ಟ ಅಲ್ಲ?" ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ಇದರಪ್ಪನೂ ಗಿಡ್ಡನ ಅದಾನ್ರಿ. ಟಗರಿನ ಹಿಂದ ನಿಂತ್ರ ಕಾಣೂದಿಲ್ಲ."

ಕೆಳಗೆ ಇನ್ನೂ ಮೂರು ಸಾಲು ಇದ್ದವು. ಆಸರೆ ಇಲ್ಲದೆ ಕೂಸನ್ನು ಕೂಡಿಸಬಾರದು. ಬೆನ್ನು ಬಾಗುವಂತೆ ಜೋಳಿಗೆಯಲ್ಲಿ ಹೊರಬಾರದು. ನಾಲ್ಕು ವಾರಕ್ಕೆ ಎಲುಬಿನ ಫೋಟೋ ತೆಗೆಸಲು ಬರಬೇಕು. ನಾಡಿದ್ದೇ ಇವರ ಕುರಿ ಪಡುವಣದ ನದಿ ಸೀಮೆಗೆ ಹೊರಡುತ್ತವೆ ಎಂದು ನನಗೆ ಗೊತ್ತಿತ್ತು. ಕುದುರೆಯ ಮೇಲೆ ಹೇರು, ಹೇರಿನ ಮೇಲೆ ಕೋಳಿ, ತಾಯಿಯ ಬೆನ್ನಿಗೆ ಜೋಳಿಗೆ, ಜೋಳಿಗೆಯಲ್ಲಿ ಕೂಸು. ಹಾಗೆಯೇ ಅಲ್ಲಿ ಏಳು ತಿಂಗಳು. ಜೋಳಿಗೆ ಬೇಡವೆಂದರೆ ಈ ಹೆಣ್ಣುಮಗಳು ಹೇಗೆ ನಡೆದಾಳು?

"ಕೂಸನ್ನ ಭಾಳ ಜ್ವಾಪಾನ ಮಾಡ್ರಿ ಅಂತ ಬರದಾರ," ಅಂದೆ. "ಒಂದು ತಿಂಗಳ ಮ್ಯಾಲ ತೋರಸ್ರಿ ಅಂದಾರ."

"ಕುರಿ ಬಿಟ್ಟು ಹೆಂಗ ಬರೂದ್ರಿ?"

"ಹಂಗಾರ ತಿರುಗಿ ಬಂದ ಮ್ಯಾಲ ಹೋಗ್ರಿ."

ಇದು ಕಾಗದದಲ್ಲಿ ಇರಲಿಲ್ಲ. ನನ್ನ ಮಾತು. ಅವರು ಹೋದ ಮೇಲೆ ತೊಗರಿಬೇಳೆಯಲ್ಲಿ ಮತ್ತೆ ಹರಳು ಹುಡುಕಿದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಜೂನಿನ ಮಿರಗ ಮಳೆಗೆ ಮೊದಲು ಕುರಿ ಊರಿಗೆ ಬಂದವು. ಬಂದ ವಾರಕ್ಕೆ ಅತ್ತೆ ಒಬ್ಬಳೇ ನಮ್ಮ ಕಟ್ಟೆಗೆ ಬಂದು ಕೂತಳು. ಕಾಗದ ಓದಿಸಲು ಬಂದವಳಲ್ಲ. ನಮ್ಮ ಮನೆಯ ಗಾದಿಗೆ ಹಳೆಯ ಉಣ್ಣೆ ಕೊಟ್ಟಿದ್ದಳು, ಅದು ಹೇಗಿದೆ ಎಂದು ಕೇಳಲು ಬಂದಿದ್ದಳು.

"ಈ ವರ್ಷ ಉಣ್ಣಿನ ಸುಮಾರ ಐತ್ರಿ ಅಕ್ಕಾರ. ಮುದುಡತೈತಿ ನೋಡ್ರಿ, ಮೂರು ಸಲ ನೂತೆ."

"ಯಾತಕ್ಕ ನೂತಿ ಆಯಿ?"

ಅವಳು ಹೇಳಿದ್ದು ಇಷ್ಟು. ಅವರ ಮನೆತನದಲ್ಲಿ ಕೂಸಿನ ಮೊದಲ ಕೂದಲು, ಅಂದರೆ ಜಾವಳ, ತೆಗೆಯುವ ದಿನ ಬೀರಪ್ಪನ ಗುಡಿಯಲ್ಲಿ ಕರಿಯ ಉಣ್ಣೆಯ ದಾರ ಕಟ್ಟುತ್ತಾರೆ. ದಾರವನ್ನು ಅಜ್ಜಿಯೇ ನೂಲಬೇಕು. ಅದರ ಅಳತೆ ಕೂಸಿನ ಮೊಳದಲ್ಲಿ: ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ, ಅಂಥವು ನಾಲ್ಕು. ನಾಲ್ಕು ಮೊಳದ ದಾರವನ್ನು ನೆತ್ತಿಯಿಂದ ಇಳಿಬಿಟ್ಟರೆ ಹಿಮ್ಮಡ ಮುಟ್ಟಿ ಗಂಟಿಗೆ ನಾಲ್ಕು ಬೆರಳು ಉಳಿಯಬೇಕು. ಅವಳ ಮೂರು ಮಕ್ಕಳಿಗೂ, ಮೈದುನರ ಮಕ್ಕಳಿಗೂ ಉಳಿದಿತ್ತು.

"ಈ ಕೂಸಿಗೆ ಮೊಣಕಾಲ ಕೆಳಗ ನಿಂತಬಿಡ್ತು. ಉಣ್ಣಿ ಮುದುಡೇತಿ ಅಂತ ತೊಯಿಸಿ ಜಗ್ಗಿದೆ. ಇನ್ನೊಮ್ಮಿ ನೂತೆ, ಅದೂ ಅಲ್ಲೇ ನಿಂತ್ತು. ಮೂರನೇದೂ ಹಂಗ. ಕರೀ ಕುರಿ ಬದಲಿ ಮಾಡಬೇಕು."

ನನ್ನ ಕೈಯಲ್ಲಿ ಚಹಾದ ಬಟ್ಟಲಿತ್ತು. ಅವಳಿಗೆ ಕೊಡಲು ತಂದಿದ್ದೆ. ಕೊಡುವುದನ್ನು ಮರೆತು ಹಾಗೆಯೇ ನಿಂತೆ. ಮಿರಜಿನ ಡಾಕ್ಟರು ಒಂದು ಶಬ್ದದಲ್ಲಿ ಬರೆದದ್ದನ್ನು ಈ ಮುದುಕಿ ಮೂರು ಸಲ ನೂತು ಅಳೆದಿದ್ದಳು. ಕೈ ಮೈಗೆ ತಕ್ಕಂತೆ ಇಲ್ಲ ಎಂದು ದಾರ ಮೂರು ಸಲವೂ ಹೇಳಿತ್ತು. ಅವಳು ಉಣ್ಣೆಯನ್ನು ಬೈದಳು. ಬೈಯದೆ ಏನು ಮಾಡಿಯಾಳು? ಕೂಸು ಬರೇ ಸಣ್ಣದು ಎಂದು ಓದಿ ಹೇಳಿದವಳು ನಾನು.

"ಸೊಸೀನ್ನ ಕರಕೊಂಡ ಬಾ ಆಯಿ. ಆ ಕಾಗದಾನೂ ತಗೊಂಡ ಬರ್ರಿ," ಅಂದೆ.

ಸಂಜೆ ಆಗುವುದರೊಳಗೆ ಬಂದರು. ಕೂಸಿಗೆ ಹದಿನಾಲ್ಕು ತಿಂಗಳು ತುಂಬಿತ್ತು. ತಾಯಿ ಅದನ್ನು ಕಟ್ಟೆಯ ಮೇಲೆ ಕೂಡಿಸಿದಳು. ಕೂಸು ಮುಂದಕ್ಕೆ ಬಾಗಿ ಕೂತಿತು, ಮತ್ತು ಅಂಗಿಯ ಕೆಳಗೆ ಬೆನ್ನಿನ ನಡುವೆ ಒಂದು ಉಬ್ಬು ಎದ್ದಿತ್ತು. ಲಿಂಬೆಹಣ್ಣಿನಷ್ಟು.

ಕಾಗದವನ್ನು ತಾಯಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಏಳು ತಿಂಗಳು ಹೇರಿನ ಗಂಟಿನಲ್ಲಿ ಇಟ್ಟುಕೊಂಡು ತಿರುಗಿದ್ದಳು. ಮಡಿಕೆಯಲ್ಲಿ ಸ್ವಲ್ಪ ಹರಿದಿತ್ತು, ಅಷ್ಟೇ. ಕುರಿಯ ವಾಸನೆ ಬರುತ್ತಿತ್ತು. ನನಗೆ ಆಗ ಒಂದು ದಾರಿ ಕಂಡದ್ದು ನಿಜ. ಉಬ್ಬು ಎದ್ದಿದೆ, ನಡೀರಿ ಮಿರಜಿಗೆ ಎಂದರೆ ಸಾಕಿತ್ತು. ಮೊದಲು ಏನು ಓದಿದ್ದೆ, ಏನು ಬಿಟ್ಟಿದ್ದೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಯಿ ತೆರೆದೆ ಕೂಡ. ಆಗ ಅತ್ತೆ ಸೊಸೆಯ ಕಡೆ ಗದ್ದ ತೋರಿಸಿ ಅಂದಳು:

"ಬೆಳೀಲಿ ಹೆಂಗ್ರಿ ಅಕ್ಕಾರ? ಈಕಿ ಹಾಲಂದ್ರ ಅಕ್ಕಿ ತೊಳದ ನೀರು. ಏಳ ತಿಂಗಳ ಮೇಕಿ ಹಾಲ ಹಾಕಿ ನಾ ಸಾಕೀನಿ."

ಸೊಸೆ ತಲೆ ಎತ್ತಲಿಲ್ಲ. ಈ ಮಾತು ಕೇಳಿ ಕೇಳಿ ಅವಳಿಗೆ ರೂಢಿಯಾಗಿತ್ತು. ಯಾವ ಮಾತು ಅವಳ ತಲೆಯ ಮೇಲೆ ಕೂರಬಾರದೆಂದು ನಾನು ಮೆತ್ತಗೆ ಓದಿದ್ದೆನೋ, ಆ ಮೆತ್ತಗಿನ ಮಾತೇ ಅಲ್ಲಿ ಕೂತಿತ್ತು.

"ನಾ ಅವತ್ತು ಪೂರ್ತಿ ಓದಿದ್ದಿಲ್ಲ," ಅಂದೆ.

ಇಬ್ಬರೂ ನೋಡಿದರು. ಮತ್ತೆ ಕಾಗದ ಹಿಡಿದು, ಒಂದೊಂದು ಸಾಲನ್ನೂ ಇದ್ದದ್ದು ಇದ್ದ ಹಾಗೆ ಕನ್ನಡದಲ್ಲಿ ಹೇಳಿದೆ. ಕೈಕಾಲು ಮೈಗೆ ತಕ್ಕಂತೆ ಬೆಳೆಯುತ್ತಿಲ್ಲ. ಆಸರೆ ಇಲ್ಲದೆ ಕೂಡಿಸಬೇಡಿ. ಜೋಳಿಗೆಯಲ್ಲಿ ಹೊರಬೇಡಿ. ನಾಲ್ಕು ವಾರಕ್ಕೆ ಬನ್ನಿ.

"ನಿಮಗ ಇಂಗ್ಲೀಷ ಓದಾಕ ಬರ್ತಿತ್ತೋ ಇಲ್ಲೋ?" ಅತ್ತೆ ಕೇಳಿದಳು.

"ಬರ್ತಿತ್ತು."

"ಬರ್ತಿತ್ತಂತ." ಅವಳು ನನಗಲ್ಲ, ಅಂಗಳದ ಬೇವಿನ ಗಿಡಕ್ಕೆ ಹೇಳಿದಳು. "ಬರ್ತಿತ್ತು, ಆದರ ಓದಲಿಲ್ಲಂತ. ನಮ್ಮಂಥವರ ಮುಂದ ಯಾಕ ಓದಬೇಕು."

ಸೊಸೆ ಮಾತ್ರ ಬೇರೆಯೇ ಕೇಳಿದಳು. ತಗ್ಗಿದ ದನಿಯಲ್ಲಿ ಕೇಳಿದಳು.

"ಅಂದ್ರ, ಇದು ನನ್ನ ಹಾಲಿನ ದೋಷ ಅಲ್ಲಾ?"

"ಅಲ್ಲ ತಂಗಿ. ಯಾವತ್ತೂ ಅಲ್ಲ."

ಅವಳು ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಆಮೇಲೆ, ಜೋಳಿಗೆಯ ಮಾತು ನೆನಪಾಯಿತೇನೋ, ಗಾಬರಿಯಾಗಿ ಕೈ ಸಡಿಲು ಮಾಡಿ, ಕೂಸನ್ನು ಹೇಗೆ ಹಿಡಿಯಬೇಕು ಎಂದು ತಿಳಿಯದವಳ ಹಾಗೆ ನನ್ನ ಮುಖ ನೋಡಿದಳು.

ಮರುದಿನ ಮುಂಜಾನೆಯ ಎಸ್ಟಿ ಬಸ್ಸಿಗೆ ಜತ್ತಿಗೆ, ಅಲ್ಲಿಂದ ಮಿರಜಿಗೆ ಮೂವರೂ ಹೋದೆವು. ಅತ್ತೆ ದಾರಿಯುದ್ದಕ್ಕೂ ನನ್ನೊಡನೆ ಮಾತಾಡಲಿಲ್ಲ, ಆದರೆ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟಳು. ಡಾಕ್ಟರ್ ಬಾಯಿ ಫೋಟೋ ತೆಗೆಸಿ, ಬೆಳಕಿನ ಡಬ್ಬಿಗೆ ಹಚ್ಚಿ, ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಇದು ಹುಟ್ಟಿನಿಂದಲೇ ಇರುವ ಎಲುಬಿನ ಲಕ್ಷಣ. ಯಾರ ತಪ್ಪೂ ಅಲ್ಲ. ಎತ್ತರ ಹೆಚ್ಚಿಸುವ ಮದ್ದು ತಮ್ಮಲ್ಲಿ ಇಲ್ಲ. ಬುದ್ಧಿಗೆ ಏನೂ ಕೊರತೆಯಿಲ್ಲ, ಸಾಲಿಗೆ ಹೋಗುತ್ತಾಳೆ, ಎಲ್ಲ ಮಾಡುತ್ತಾಳೆ. ಆದರೆ ಇಂಥ ಮಕ್ಕಳ ಬೆನ್ನು ಮೊದಲ ವರ್ಷ ಬಹಳ ಎಳೆಯದು, ತಲೆ ಭಾರ. ಬಾಗಿ ಕೂತರೆ, ಬಾಗಿಸಿ ಹೊತ್ತರೆ, ಗೂನು ನಿಂತುಬಿಡುತ್ತದೆ.

ಬರೇ ಗಿಡ್ಡ ಎಂದು ತಿಳಿದು ಇಷ್ಟು ದಿನ ಬರಲಿಲ್ಲ ಎಂದಳು ಸೊಸೆ. ಡಾಕ್ಟರು ನನ್ನ ಕಡೆ ತಿರುಗಿದರು. "ಗಿಡ್ಡ ಅನ್ನೋದು ಅಷ್ಟು ದೊಡ್ಡ ಮಾತಲ್ಲ ತಾಯಿ. ಅದರ ಮುಂದಿನ ಶಬ್ದ ದೊಡ್ಡದು. ಎಲ್ಲಾ ಒಂದೇ ಸಮ ಸಣ್ಣ ಇದ್ದರ ನಾವು ಊಟ ನೋಡ್ತೀವಿ, ಹೊಟ್ಟಿ ನೋಡ್ತೀವಿ. ಒಂದಕ್ಕೊಂದು ತಕ್ಕಂಗ ಇಲ್ಲ ಅಂದ್ರ ಎಲುಬು ನೋಡ್ತೀವಿ. ಆ ಶಬ್ದ ಬಿಟ್ಟು ಓದಿದರ ದಾರೀನ ಬದಲಾಗ್ತದ."

ಯಾರು ಬಿಟ್ಟು ಓದಿದರು ಎಂದು ಅವರು ಕೇಳಲಿಲ್ಲ. ಅತ್ತೆಯೂ ಹೇಳಲಿಲ್ಲ. ನಾನೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಈಗ ಬಂದೀರಿ. ಕೆಲಸ ಶುರು ಮಾಡೋಣ," ಅಂದರು.

ಕೂಸಿನ ಎದೆ, ಬೆನ್ನಿನ ಅಚ್ಚು ತೆಗೆದು ಪ್ಲಾಸ್ಟಿಕ್ಕಿನ ಬೆಲ್ಟು ಮಾಡಿಸಿದರು. ದಿನವೆಲ್ಲ ಹಾಕಬೇಕು, ಮೈ ತೊಳೆಯುವಾಗ ಮಾತ್ರ ಬಿಚ್ಚಬೇಕು. ನನಗೆ ಒಂದು ಕೆಲಸ ಕೊಟ್ಟರು. ತಿಂಗಳಿಗೊಮ್ಮೆ ನಾಲ್ಕು ಅಳತೆ: ತಲೆಯ ಸುತ್ತು, ಚಾಚಿದ ಕೈಗಳ ಉದ್ದ, ನೆತ್ತಿಯಿಂದ ಕುಂಡೆಯವರೆಗೆ, ನೆತ್ತಿಯಿಂದ ಹಿಮ್ಮಡದವರೆಗೆ. ಐದನೆಯದು ಬೆನ್ನು. ಕೂಸನ್ನು ತೊಡೆಯ ಮೇಲೆ ಬೋರಲು ಮಲಗಿಸಿದಾಗ ಗೂನು ಮಾಯವಾದರೆ ಅದು ಇನ್ನೂ ಮೆತ್ತಗಿದೆ. ಮಾಯವಾಗದಿದ್ದರೆ ಗಟ್ಟಿಯಾಗುತ್ತಿದೆ. ನೇರವಾದ ಅಳತೆಪಟ್ಟಿಯನ್ನು ಬೆನ್ನಿಗೆ ಹಚ್ಚಿ, ಉಬ್ಬಿನ ಮೇಲೂ ಕೆಳಗೂ ಎಷ್ಟು ಸಂದು ಬೀಳುತ್ತದೆ ನೋಡಿ ಬರೆಯಬೇಕು.

ಮೊದಲ ತಿಂಗಳೇ ಕೆಲಸ ನಿಂತಿತು. ಇಷ್ಟು ಎಳೆಯ ಮಕ್ಕಳ ಉದ್ದವನ್ನು ಮಲಗಿಸಿಯೇ ಅಳೆಯಬೇಕು. ನಾನು ಚಾಪೆ ಹಾಸಿ, ಗೋಡೆಗೆ ಮಣೆ ಒತ್ತಿಟ್ಟು, ಬ್ಲೌಸ್ ಅಳೆಯುವ ಟೇಪು ತೆಗೆದೆ. ಅತ್ತೆ ಬಂದು ಚಾಪೆಯ ನಡುವೆ ನಿಂತಳು.

"ಮಲಗಿಸಿ ಅಳಿಯೂದು ಯಾರನ್ನ, ಗೊತ್ತೈತೇನ್ರಿ? ಕುಣಿ ತೋಡೋವಾಗ ಅಳೀತಾರ. ನನ್ನ ಜೀವ ಇರೂತನಕ ಈ ಕೂಸಿನ್ನ ಮಲಗಿಸಿ ಅಳೀಗೊಡೂದಿಲ್ಲ. ಒಮ್ಮೆ ಓದದ ಕೆಡಿಸಿದ್ರಿ, ಈಗ ಅಳದ ಕೆಡಸ್ತೀರೇನು?"

ಸೊಸೆ ಅಳುವ ಸ್ಥಿತಿಗೆ ಬಂದಳು. ನಾನು ಟೇಪು ಸುತ್ತಿಟ್ಟೆ. ಎರಡು ದಿನ ಹಾಗೆಯೇ ಹೋಯಿತು. ಮೂರನೆಯ ದಿನ ಅತ್ತೆ ತಾನಾಗಿ ಬಂದಳು, ಮಾತಿಲ್ಲದೆ ಚಾಪೆ ಬಿಡಿಸಿ, ತಾನೇ ಉದ್ದಕ್ಕೆ ಮಲಗಿದಳು. ನೆರಿಗೆ ಸರಿಮಾಡಿಕೊಂಡು, ಕಾಲು ಜೋಡಿಸಿ, ಕಣ್ಣು ಮುಚ್ಚಿದಳು.

"ಮೊದಲ ನನ್ನ ಅಳೀರಿ."

"ಆಯಿ!"

"ಅಳೀರಿ ಅಂದ್ನೆಲ್ಲ. ಹಿರೇರ ಅಳತಿ ಆದ ಮ್ಯಾಲ ಸಣ್ಣವರ ಕಡೆ ಯಮ ಬರೂದಿಲ್ಲ. ಬರೂದಿದ್ರ ನನ್ನ ಪಾಳಿ ಮೊದಲು."

ನಾನು ಅಳೆದೆ. "ಎಷ್ಟ ಬಂತು?" ಕಣ್ಣು ಮುಚ್ಚಿಕೊಂಡೇ ಕೇಳಿದಳು. ಹೇಳಿದೆ. "ಹರೇದಾಗ ಇದ್ದಷ್ಟ ಇಲ್ಲ ಬಿಡ್ರಿ," ಅಂದಳು, ಎದ್ದು ಚಾಪೆ ಝಾಡಿಸಿದಳು. ಆಮೇಲೆ ಪ್ರತಿ ತಿಂಗಳೂ ಹಾಗೆಯೇ ನಡೆಯಿತು. ಮೊದಲು ಅವಳು, ನಂತರ ಕೂಸು. ನನ್ನ ವಹಿಯಲ್ಲಿ ಇಬ್ಬರ ಅಳತೆಯೂ ಇದೆ.

ಆ ವರ್ಷ ದೀಪಾವಳಿಯ ನಂತರ ಕುರಿಗಳ ಹಿಂದೆ ಕೂಸಿನ ಅಪ್ಪ, ಚಿಕ್ಕಪ್ಪ ಮಾತ್ರ ಹೋದರು. ತಾಯಿ, ಕೂಸು ಊರಲ್ಲಿ ಉಳಿದರು. ಹಾಲಿನ ಮಾತು ಆಮೇಲೆ ನನ್ನ ಕಿವಿಗೆ ಬೀಳಲಿಲ್ಲ. ಬೆಲ್ಟಿನ ಅಂಚು ಕಂಕುಳ ಹತ್ತಿರ ಚರ್ಮ ಸುಲಿಯಿತು. ಹಳೆಯ ಮೆತ್ತನೆಯ ಧೋತರದ ಅಂಗಿ ಹೊಲಿದು ಒಳಗೆ ಹಾಕಿದೆವು. ಸೆಕೆಗೆ ಬೊಕ್ಕೆ ಎದ್ದವು. ನಡುವೆ ಒಂದು ತಿಂಗಳು ಬೆಲ್ಟು ಬಿಗಿಯಾಗಿ ಮತ್ತೆ ಅಚ್ಚಿಗೆ ಹೋಗಬೇಕಾಯಿತು. ಕೂಸು ಅಷ್ಟರಲ್ಲಿ ಮಾತು ಕಲಿತಿತ್ತು. ಟೇಪು ಕಂಡರೆ ತಾನೇ ಚಾಪೆಯ ಮೇಲೆ ಬಿದ್ದು, "ಆಯಿ ಮೊದಲ," ಎನ್ನುತ್ತಿತ್ತು.

ಕೈಕಾಲು ಬೆಳೆಯುತ್ತಿದ್ದವು, ತಮ್ಮ ಲೆಕ್ಕದಲ್ಲಿ. ನನ್ನ ಕಣ್ಣು ಇದ್ದದ್ದು ಐದನೆಯ ಅಳತೆಯ ಮೇಲೆ. ಮೊದಲ ಮೂರು ತಿಂಗಳು ಬೋರಲು ಮಲಗಿಸಿದಾಗ ಉಬ್ಬು ಅರ್ಧ ಇಳಿಯುತ್ತಿತ್ತು. ಪಟ್ಟಿಯ ಸಂದಿಯಲ್ಲಿ ನನ್ನ ಕಿರುಬೆರಳಿನ ಉಗುರಷ್ಟೇ ಹೋಗುತ್ತಿತ್ತು. ಆಮೇಲೆ ಇಡೀ ಬೆರಳೇ ಹಿಡಿಸಿತು, ಉಬ್ಬು ಇಳಿಯುತ್ತಿರಲಿಲ್ಲ. ಒಂದು ತಿಂಗಳು ಪಟ್ಟಿಯನ್ನು ಸ್ವಲ್ಪ ಒತ್ತಿ ಹಿಡಿದೆ, ಸಂದು ಕಡಿಮೆಯಾಯಿತು. ಆ ಸಂಖ್ಯೆಯನ್ನು ಬರೆಯಲು ಪೆನ್ನು ಎತ್ತಿದೆ. ಒತ್ತಿದ್ದು ನನಗಷ್ಟೇ ಗೊತ್ತು. ಪೆನ್ನು ಕೆಳಗಿಟ್ಟು, ಕೈ ಸಡಿಲ ಬಿಟ್ಟು, ಇನ್ನೊಮ್ಮೆ ಅಳೆದೆ. ಬಂದದ್ದನ್ನು ಬರೆದೆ. ತಾಯಿ ನನ್ನ ಪಕ್ಕದಲ್ಲೇ ಕೂತು ಎಲ್ಲ ನೋಡುತ್ತಿದ್ದಳು.

ಮೊನ್ನೆ ಬಂದದ್ದು ಮಿರಜಿನ ಐದನೆಯ ಕಾಗದ. ಈ ಸಲ ಅವರಿಬ್ಬರೇ ಹೋಗಿ ಬಂದಿದ್ದರು. ನಮ್ಮ ಮನೆಯಲ್ಲಿ ಯಾರಿಗೋ ಜ್ವರವಿದ್ದು ನನಗೆ ಹೋಗಲಾಗಿರಲಿಲ್ಲ. ಅತ್ತೆ ಕಂಬಕ್ಕೆ ಒರಗಿ ಕೂತಳು. ಕೂಸಿನ ಮೈಮೇಲೆ ಬೆಲ್ಟು ಇರಲಿಲ್ಲ. ಅದು ಕಟ್ಟೆಯ ಅಂಚು ಹಿಡಿದು ನಿಂತು, ಇರುವೆಯ ಸಾಲನ್ನು ನೋಡುತ್ತಿತ್ತು. ತಾಯಿ ಕಾಗದ ಬಿಡಿಸಿ ನನ್ನ ಮುಂದೆ ಇಟ್ಟು, ಮೊದಲ ಸಾಲಿನ ಉದ್ದ ಶಬ್ದದ ಮೇಲೆ ಬೆರಳಿಟ್ಟಳು. ಅಕ್ಷರ ಬಾರದವಳು, ಆದರೆ ಅದರ ಆಕಾರ ಅವಳಿಗೆ ಪರಿಚಯವಾಗಿತ್ತು.

"ಇದು ಗೊತ್ತೈತಿ. ಕೆಳಗಿಂದು ಹೇಳ್ರಿ."

ನಾನು ಒಮ್ಮೆ ಮನಸ್ಸಿನಲ್ಲಿ ಓದಿಕೊಂಡೆ. ನಾನು ಓದಿಕೊಳ್ಳುವುದನ್ನು ಅವಳು ನೋಡಿದಳು.

"ಅಕ್ಕಾರ, ಮೆತ್ತಗ ಮಾಡಬ್ಯಾಡ್ರಿ."

"ಇಲ್ಲ," ಅಂದೆ. "ಗೂನು ಗಟ್ಟಿ ಆಗೇತಿ ಅಂತ ಬರದಾರ. ಬೆಲ್ಟ ಇನ್ನ ಉಪಯೋಗ ಇಲ್ಲ, ಅದಕ್ಕ ತಗದಾರ."

"ಅಂದ್ರ ತಾನಾಗಿ ಯಾವಾಗ ಸುದ್ದ ಆಗತೈತಿ?"

ಎಷ್ಟೋ ಮೆತ್ತಗಿನ ಮಾತುಗಳು ನನ್ನ ನಾಲಗೆಯ ತುದಿಗೆ ಬಂದವು. ನೋಡೋಣ, ದೇವರಿದ್ದಾನೆ, ಬೆಳೆದಂತೆ ಸರಿಹೋದೀತು. ಒಂದೂ ಆ ಕಾಗದದಲ್ಲಿ ಇರಲಿಲ್ಲ.

"ಆಗೂದಿಲ್ಲ ಅಂತ ಬರದಾರ ತಂಗಿ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಕೂಸು ಇರುವೆಗೆ ಏನೋ ಹೇಳಿ ನಗುತ್ತಿತ್ತು. ತಾಯಿ ಅದರ ಬೆನ್ನಿನ ಮೇಲೆ, ಉಬ್ಬು ಇರುವಲ್ಲಿಯೇ, ಅಂಗೈ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಹ್ಞೂಂ," ಅಂದಳು ಕೊನೆಗೆ. "ಮುಂದ ಓದ್ರಿ."

ಇನ್ನೂ ಎರಡು ಸಾಲು ಇದ್ದವು. ಕಾಲಿಗೆ ಜೋಮು ಹಿಡಿದರೆ, ನಡಿಗೆ ತಪ್ಪಿದರೆ ತಡಮಾಡದೆ ಬರಬೇಕು. ದೊಡ್ಡವಳಾದ ಮೇಲೆ ಆಪರೇಷನ್ನು ಬೇಕಾದೀತು, ಅದರಲ್ಲಿ ಅಪಾಯವೂ ಉಂಟು. ಎರಡನ್ನೂ ಓದಿದೆ.